ಝೀರೋಡರ್ಮಾ ಪಿಗ್ಮೆಂಟೋಸಮ್

ಗ್ರೀಕ್ ಭಾಷೆಯಲ್ಲಿ ‘ಝೀರೋಸ್’ ಎಂದರೆ ಒಣಗಿದ್ದು, ‘ಡರ್ಮಾ’ ಎಂದರೆ ಚರ್ಮ. ವಿಯೆನ್ನಾದ ಚರ್ಮವೈದ್ಯ ಮೊರಿಟ್ಜ್ ಕಪೋಸಿ 1870ರ ದಶಕದಲ್ಲಿ ಈ ರೋಗಕ್ಕೆ ಇಟ್ಟ ಹೆಸರು ‘ಝೀರೋಡರ್ಮಾ’, ಅಷ್ಟೇ. ಬಣ್ಣವನ್ನು ಸೂಚಿಸುವ ಲ್ಯಾಟಿನ್ ಪದ ‘ಪಿಗ್ಮೆಂಟೋಸಮ್’ ಜೊತೆಗೂಡಿದ್ದು 1882ರಲ್ಲಿ. ಎರಡೂ ಕಣ್ಣಿಗೆ ಕಂಡದ್ದನ್ನೇ ಹೇಳುತ್ತವೆ: ಒಣಗಿದ ಚರ್ಮ, ಎರಡು ವರ್ಷ ತುಂಬುವ ಮೊದಲೇ ಮಗುವಿನ ಮುಖದ ತುಂಬ ಕಂದು ಚುಕ್ಕೆ. ಇದನ್ನು ಬರೀ ‘ಒಣಚರ್ಮ’ ಎಂದು ಕನ್ನಡಿಸುವುದು ನನಗೆ ಒಪ್ಪಿಗೆಯಿಲ್ಲ. ಎಣ್ಣೆ ಹಚ್ಚಿ ಸುಮ್ಮನಾಗುವ ಅಪಾಯವಿದೆ.

ಕಾರಣ ಇರುವುದು ಇನ್ನೂ ಒಳಗೆ. ಬಿಸಿಲಿನ ಅತಿನೇರಳೆ ಕಿರಣ ಎಲ್ಲರ ಡಿಎನ್‌ಎಯನ್ನೂ ಕೆಡಿಸುತ್ತದೆ. ಜೀವಕೋಶ ಕೆಟ್ಟ ತುಣುಕನ್ನು ಕತ್ತರಿಸಿ ಹೊಸದನ್ನು ಹೆಣೆದುಕೊಳ್ಳುತ್ತದೆ. ಈ ರೋಗಿಗಳಲ್ಲಿ ಆ ರಿಪೇರಿಯೇ ಕುಂಠಿತ ಎಂದು 1968ರಲ್ಲಿ ಜೇಮ್ಸ್ ಕ್ಲೀವರ್ ತೋರಿಸಿಕೊಟ್ಟರು. ಈ ರೋಗದಲ್ಲಿ ಎ-ಯಿಂದ ಜಿ-ವರೆಗೆ ಏಳು ಗುಂಪು, ಜೊತೆಗೊಂದು ಭಿನ್ನರೂಪ. ಒಂದೊಂದಕ್ಕೂ ಬೇರೆ ಜೀನ್. ತಂದೆ, ತಾಯಿ ಇಬ್ಬರಿಂದಲೂ ದೋಷವಿರುವ ಪ್ರತಿ ಬಂದರಷ್ಟೇ ರೋಗ. ಹತ್ತಿರದ ನೆಂಟರಿಬ್ಬರಲ್ಲೂ ಒಂದೇ ದೋಷ ಇರಬಹುದಾದ್ದರಿಂದ, ಸೋದರಮಾವನನ್ನು ಮದುವೆಯಾಗುವ ರೂಢಿಯಿರುವ ನಮ್ಮ ಮನೆಗಳಲ್ಲಿ ಇದು ತಿಳಿದಿರಬೇಕು.

ಕೆಲವು ಮಕ್ಕಳಿಗೆ ತುಸು ಬಿಸಿಲಿಗೇ ಬೊಬ್ಬೆ ಏಳುತ್ತದೆ. ಇನ್ನು ಕೆಲವರ ಚರ್ಮ ಹಾಗೆ ಅತಿಯಾಗಿ ಸುಡುವುದಿಲ್ಲ, ಚುಕ್ಕೆಯಷ್ಟೇ ಸುಳಿವು. ಕಣ್ಣು ಬೆಳಕನ್ನು ತಾಳದು, ಕೆಲವರಿಗೆ ಕಿವಿಯೂ ಮಂದವಾಗುತ್ತದೆ. ಬಿಸಿಲಿನಿಂದ ಕಾಪಾಡದಿದ್ದರೆ ಹತ್ತು ವರ್ಷದೊಳಗೇ ಚರ್ಮದ ಕ್ಯಾನ್ಸರ್ ಬರಬಹುದು.