ಪಟ್ಣದ ಜ್ವರ ಮತ್ತು ನೀರು ಒಗ್ಗೋದು

ಶ್ರೀರಂಗಪಟ್ಟಣದ ಇತಿಹಾಸ ಅಂದ ಕೂಡಲೇ ಎಲ್ಲರೂ 1799ರ ಮೇ 4ಕ್ಕೆ ಬಂದು ನಿಂತುಬಿಡ್ತೀವಿ. ಕೋಟೆ ಒಡೀತು, ಟೀಪು ಸತ್ತ, ಕತೆ ಮುಗೀತು. ಟೀಪು ಒಳ್ಳೆಯವನೋ ಕೆಟ್ಟವನೋ ಅನ್ನೋ ಜಗಳಕ್ಕೆ ಅಂತರ್ಜಾಲದಲ್ಲಿ ಬೇಕಾದಷ್ಟು ಜಾಗ ಇದೆ, ನಾನು ಅದಕ್ಕೆ ಕೈ ಹಾಕೋಲ್ಲ. ನನ್ನ ಕುತೂಹಲ ಅದರ ಮುಂದಿನ ಹತ್ತು ಹನ್ನೆರಡು ವರ್ಷಗಳದ್ದು. ಅಷ್ಟು ಹೆಣಗಿ ಗೆದ್ದ ಕೋಟೆಯನ್ನು ಕಂಪನಿ ಸೈನ್ಯ ಯಾಕೆ ಬಿಟ್ಟುಹೋಯ್ತು?

ಜ್ವರಕ್ಕೆ ಹೆದರಿ.

1809-11ರ ಹೊತ್ತಿಗೆ ಸೈನ್ಯದ ಮುಖ್ಯ ನೆಲೆ ಬೆಂಗಳೂರಿಗೆ ಹೋಯಿತು. ಇವತ್ತಿನ ಬೆಂಗಳೂರು ದಂಡು ಪ್ರದೇಶ ಹುಟ್ಟಿದ್ದರಲ್ಲಿ ಪಟ್ಣದ ಜ್ವರದ ಪಾಲು ಸಣ್ಣದಲ್ಲ. (ನಮ್ಮ ಕಡೆ ಶ್ರೀರಂಗಪಟ್ಟಣ ಅಂತ ಪೂರ್ತಿ ಹೇಳೋರು ಕಡಿಮೆ, ಬರೀ 'ಪಟ್ಣ'.) ಟೀಪು ಕಾಲದಲ್ಲಿ ಈ ದ್ವೀಪದಲ್ಲಿ ಒಂದೂವರೆ ಲಕ್ಷ ಜನ ಇದ್ದರು ಅನ್ನೋ ಅಂದಾಜಿದೆ. 1800ರಲ್ಲಿ ಬಂದ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ ಕಾಲಕ್ಕೆ ಸುಮಾರು 32 ಸಾವಿರ. 1901ರ ಗಣತಿಯಲ್ಲಿ ಎಂಟೂವರೆ ಸಾವಿರ. ಇದನ್ನೆಲ್ಲ ಜ್ವರದ ತಲೆಗೇ ಕಟ್ಟೋದು ತಪ್ಪು. ರಾಜಧಾನಿ ಮೈಸೂರಿಗೆ ಹೋದ ಮೇಲೆ ಊರಲ್ಲಿ ಅನ್ನ ಹುಟ್ಟಬೇಕಲ್ಲ! ಆದರೆ ಸೈನ್ಯಕ್ಕೆ ಅನ್ನದ ಚಿಂತೆ ಇರಲಿಲ್ಲ. ಅದನ್ನು ಓಡಿಸಿದ್ದು ಜ್ವರವೇ.

ಪಟ್ಣದ ಗ್ಯಾರಿಸನ್ ಸ್ಮಶಾನವನ್ನು ನೋಡಿರುತ್ತೀರಿ. ಅಲ್ಲಿ ಡಿ ಮ್ಯೂರನ್ ಅನ್ನೋ ಸ್ವಿಸ್ ಪಲ್ಟನ್ನಿನವರ ಗೋರಿಗಳು ಬಹಳ. ಮೊದಲು ಡಚ್ಚರ ಹತ್ತಿರ ಸಂಬಳಕ್ಕಿದ್ದು, 1795ರಲ್ಲಿ ಇಂಗ್ಲಿಷರ ಕಡೆ ಬಂದು, ಸಿಲೋನಿನಿಂದ ಇಲ್ಲಿಗೆ ಬಂದು ಕಾದಾಡಿದವರು. ಎಲ್ಲಿಯ ಸ್ವಿಟ್ಜರ್ಲೆಂಡ್, ಎಲ್ಲಿಯ ಕಾವೇರಿ! ಯುದ್ಧ ಮುಗಿದು ಎಷ್ಟೋ ವರ್ಷಗಳಾದ ಮೇಲಿನ ಗೋರಿಗಳೂ ಇವೆ, ಹೆಂಗಸರದ್ದು, ಮಕ್ಕಳದ್ದು. ಯಾರು ಯಾವ ಕಾಯಿಲೆಯಿಂದ ಸತ್ತರು ಅಂತ ಇವತ್ತು ಒಂದೊಂದಾಗಿ ಹೇಳೋಕಾಗಲ್ಲ. ಸ್ಕಾಟನ ಬಂಗಲೆಯ ಕತೆ ಬೇರೆ ಇದೆ, ಅದರಲ್ಲಿ ಕೊಲ್ಲೋದು ಕಾಲರಾ, ಅದನ್ನಿಲ್ಲಿ ಸೇರಿಸೋದು ಬೇಡ.

ಆ ಕಾಲದವರು ಜ್ವರಕ್ಕೆ ಕೊಟ್ಟ ಕಾರಣ ಕೆಟ್ಟ ಗಾಳಿ. ಗದ್ದೆ, ನಾಲೆ, ಕೊಳೆತ ಎಲೆ, ಅದರಿಂದ ಏಳೋ ಹಬೆ. ಹೊಸದಾಗಿ ಬಂದ ಬಿಳಿಯ ಒಂದೆರಡು ಮಳೆಗಾಲ ಕಳೆದು ಬದುಕಿದರೆ ಅವನ ಮೈ 'ಪಳಗಿತು' ಅನ್ನುತ್ತಿದ್ದರು. ನಮ್ಮವರು ಹೇಳೋದು ಇನ್ನೂ ಚೆನ್ನಾಗಿದೆ: ನೀರು ಒಗ್ಗಿತು. ಹೊಸ ಊರಿಗೆ ಹೋದವನು ಮಲಗಿದರೆ 'ಪಾಪ, ನೀರು ಒಗ್ಗಲಿಲ್ಲ' ಅಂತೀವಿ. ಇದನ್ನು ಮೂಢನಂಬಿಕೆ ಅಂತ ತಳ್ಳಿಹಾಕಬೇಡಿ. ಕಾರಣ ತಪ್ಪು, ಗಮನಿಸಿದ್ದು ಸರಿ. ಒಗ್ಗಿದ್ದು ನೀರಲ್ಲ, ರಕ್ತದೊಳಗಿನ ಪರಾವಲಂಬಿ.

ಪಟ್ಣದ ಜ್ವರದಲ್ಲಿ ಮಲೇರಿಯಾದ ಪಾಲೇ ದೊಡ್ಡದಿರಬೇಕು ಅನ್ನೋದು ನನ್ನ ಎಣಿಕೆ. ಕಾರಣ ನೀರಾವರಿ. ಕನ್ನಂಬಾಡಿಗಿಂತ ಬಹಳ ಮುಂಚೆ, 17ನೇ ಶತಮಾನದಲ್ಲೇ ಇಲ್ಲಿ ಬಂಗಾರದೊಡ್ಡಿ ನಾಲೆ, ಚಿಕ್ಕದೇವರಾಯಸಾಗರ ನಾಲೆ ಎಲ್ಲ ಬಂದಿದ್ದವು. ನಮ್ಮ ಬಯಲುಸೀಮೆಯಲ್ಲಿ ಮಲೇರಿಯಾ ಹರಡೋ ಮುಖ್ಯ ಸೊಳ್ಳೆ ಅನಾಫಿಲಿಸ್ ಕ್ಯುಲಿಸಿಫೇಸಿಸ್. ಚರಂಡಿ ಕೊಚ್ಚೆ ಇದಕ್ಕೆ ಆಗೋದಿಲ್ಲ. ನಾಲೆಯ ಅಂಚು, ಏರಿಯಿಂದ ಜಿನುಗಿ ನಿಂತ ತಿಳಿನೀರು, ಹೊಸದಾಗಿ ನಾಟಿಯಾದ ಗದ್ದೆ ಬೇಕು. ಭೂಪಟದಲ್ಲಿ ನೋಡಿ: ಪಟ್ಣ ಪೂರ್ತಿ ಗದ್ದೆ ಬಯಲು. ಕೆ.ಆರ್. ಪೇಟೆಯಲ್ಲಿ (ಹಿಂದಿನ ಅತ್ತಿಕುಪ್ಪೆ) ಹೇಮಾವತಿಯ ಹೇಮಗಿರಿ, ಮಂದಗೆರೆ ಅಣೆಕಟ್ಟೆಗಳ ಆಸುಪಾಸು ಗದ್ದೆ, ಉಳಿದದ್ದು ಬೆದ್ದಲು. ನಾಗಮಂಗಲ ರಾಗಿ, ಹುರುಳಿಯ ಕೆರೆ ಸೀಮೆ. ಹೈದರ್, ಟೀಪುವಿನ ಫ್ರೆಂಚ್ ಪಡೆ ಇದ್ದ ಹಿರೋಡೆ, ಅಂದರೆ ಫ್ರೆಂಚ್ ರಾಕ್ಸ್, ಅಂದರೆ ಇವತ್ತಿನ ಪಾಂಡವಪುರ, ಬಂಡೆಗಳ ನಡುವಿನ ಎತ್ತರದ ಜಾಗ. ಒಂದು ದಿನದ ಎತ್ತಿನ ಗಾಡಿ ದಾರಿಯೊಳಗೆ ಎರಡು ಬೇರೆ ಬೇರೆ ಜ್ವರದ ಲೋಕ!

ಈಗ ಒಗ್ಗೋದು ಹೇಗೆ ಅಂತ ನೋಡೋಣ. ಸಿಡುಬಿನ ಜೊತೆ ಹೋಲಿಸಿದರೆ ಸುಲಭ. ಪಟ್ಣದಲ್ಲೇ ಇದ್ದ ಪಾದ್ರಿ ಅಬ್ಬೆ ದ್ಯುಬುವಾ 1800ರ ದಶಕದಲ್ಲಿ ಮೈಸೂರು ಸೀಮೆಯಲ್ಲಿ ಸಾವಿರಾರು ಜನಕ್ಕೆ ದೇವಿ ಹಾಕಿಸಿದವನು. ಸಿಡುಬು ಒಮ್ಮೆ ಬಂದು ಬದುಕಿದರೆ ಮತ್ತೆ ಬರೋದು ತೀರಾ ಅಪರೂಪ. ಮೈ ಶತ್ರುವಿನ ಮುಖ ನೆನಪಿಟ್ಟುಕೊಳ್ಳುತ್ತೆ. ಮಲೇರಿಯಾ ಹಾಗಲ್ಲ, ಅದು ವೇಷಗಾರ.

ಸೊಳ್ಳೆ ಕಚ್ಚಿದಾಗ ಒಳಬರೋ ಪರಾವಲಂಬಿಗಳು ಸ್ವಲ್ಪವೇ. ಒಂದು ಗಂಟೆಯೊಳಗೆ ಪಿತ್ತಜನಕಾಂಗ ಸೇರಿಕೊಳ್ಳುತ್ತವೆ. ಅಲ್ಲಿ ಒಂದು ವಾರ ಸದ್ದಿಲ್ಲದೆ ಸಾವಿರಾರಾಗಿ ಹೆಚ್ಚಿ, ಆಮೇಲೆ ರಕ್ತಕ್ಕೆ ಬಂದು ಕೆಂಪು ಕಣದೊಳಗೆ ನುಗ್ಗುತ್ತವೆ. ಇಲ್ಲೇ ಇರೋದು ಜಾಣತನ. ನಮ್ಮ ಬೇರೆ ಜೀವಕೋಶಗಳು ಒಳಗೆ ಕಳ್ಳ ಹೊಕ್ಕರೆ ಅವನ ಚೂರನ್ನು ಹೊರಗೆ ತೋರಿಸಿ ಕೊಲ್ಲೋ ಕಣಗಳನ್ನು ಕರೆಯುತ್ತವೆ. ಕೆಂಪು ಕಣಕ್ಕೆ ನ್ಯೂಕ್ಲಿಯಸ್ಸೂ ಇಲ್ಲ, ಹಾಗೆ ಕೂಗಿ ಕರೆಯೋ ಸಲಕರಣೆಯೂ ಇಲ್ಲ. ಅದು ಕಾವಲಿಲ್ಲದ ಮನೆ. ಸುಮಾರು 48 ಗಂಟೆಗೊಮ್ಮೆ ಕಣಗಳು ಒಡೆದು ಹೊಸ ಪರಾವಲಂಬಿಗಳು ಹೊರಬರುತ್ತವೆ, ಚಳಿ ನಡುಕ ಬರೋದು ಆವಾಗ.

ಮೈ ಸುಮ್ಮನೆ ಕೂರೋದಿಲ್ಲ. ರಕ್ತ ಸೋಸೋ ಗುಲ್ಮ (ಪ್ಲೀಹ) ಕೆಟ್ಟ ಕಣಗಳನ್ನು ಹಿಡಿದು ಹಿಡಿದು ತಾನೇ ಊದುತ್ತೆ. ಅದೇ ಹಳ್ಳಿಯವರ ಜ್ವರಗಡ್ಡೆ. ಇನ್ನೊಂದು ಕಡೆ ಪ್ರತಿಕಾಯಗಳು ತಯಾರಾಗುತ್ತವೆ. ಅಷ್ಟರಲ್ಲಿ ಫಾಲ್ಸಿಪಾರಂ ಜಾತಿಯ ಪರಾವಲಂಬಿ ಕೆಂಪು ಕಣದ ಮೇಲೆ ಕಾಣೋ ತನ್ನ ಪ್ರೋಟೀನನ್ನೇ ಬದಲಾಯಿಸುತ್ತೆ. ಅದರ ಪೆಟ್ಟಿಗೆಯಲ್ಲಿ ಸುಮಾರು 60 ವೇಷಗಳ ಜೀನ್‌ಗಳಿವೆ, ಮುಂದಿನ ಸೊಳ್ಳೆ ತರೋ ಪರಾವಲಂಬಿಯದು ಬೇರೆಯೇ 60. ಹಾಗಾಗಿ ಮಗು ಒಂದೊಂದೇ ವೇಷವನ್ನು, ಒಂದೊಂದು ಜ್ವರ ಅನುಭವಿಸಿ ಕಲಿಯಬೇಕು. ಹುಟ್ಟಿದ ಮೊದಲ ಕೆಲವು ತಿಂಗಳು ತಾಯಿಯ ಪ್ರತಿಕಾಯಗಳು ಕಾಪಾಡುತ್ತವೆ, ಆಮೇಲೆ ಅದರ ಪಾಡು ಅದಕ್ಕೆ. ಜ್ವರ ವರ್ಷವಿಡೀ ಹರಡೋ ಸೀಮೆಯಲ್ಲಿ ಐದಾರು ವರ್ಷ ದಾಟಿದ ಮಕ್ಕಳು ಸಾಮಾನ್ಯವಾಗಿ ಸಾಯೋದಿಲ್ಲ, ದೊಡ್ಡವರಾದ ಮೇಲೆ ರಕ್ತದಲ್ಲಿ ಒಂದಿಷ್ಟು ಪರಾವಲಂಬಿ ಇಟ್ಟುಕೊಂಡೇ ಉಳುಮೆಗೆ ಹೋಗುತ್ತಾರೆ. ಇದೇ ಒಗ್ಗೋದು. ಕಾಯಿಲೆ ಹೋಗಿಲ್ಲ, ರಾಜಿಯಾಗಿದೆ ಅಷ್ಟೆ. ಕಲಿಯೋ ಮೊದಲೇ ಸತ್ತ ಮಕ್ಕಳು 'ಊರವರಿಗೆ ಏನೂ ಆಗಲ್ಲ' ಅನ್ನೋ ಲೆಕ್ಕದಲ್ಲಿ ಬರೋದೇ ಇಲ್ಲ.

ಇದನ್ನು ರಕ್ತ ಪರೀಕ್ಷೆಯಿಂದ ಮೊದಲು ಎತ್ತಿ ತೋರಿಸಿದವನು ರಾಬರ್ಟ್ ಕಾಖ್. 1899-1900ರಲ್ಲಿ ಜಾವಾ, ನ್ಯೂಗಿನಿಗಳಲ್ಲಿ ಮಕ್ಕಳ ರಕ್ತದಲ್ಲಿ ತುಂಬಿದ್ದ ಪರಾವಲಂಬಿ ದೊಡ್ಡವರಲ್ಲಿ ಕಡಿಮೆ ಅಂತ ಕಂಡ. 1961ರಲ್ಲಿ ಕೋಹೆನ್, ಮೆಕ್‌ಗ್ರೆಗರ್, ಕ್ಯಾರಿಂಗ್ಟನ್ ಆಫ್ರಿಕಾದ ಗ್ಯಾಂಬಿಯಾದಲ್ಲಿ ಒಗ್ಗಿದ ದೊಡ್ಡವರ ರಕ್ತದಿಂದ ಪ್ರತಿಕಾಯ ತೆಗೆದು ಜ್ವರದ ಮಕ್ಕಳಿಗೆ ಕೊಟ್ಟರು. ಪರಾವಲಂಬಿ ಇಳಿಯಿತು.

ಈ ರಾಜಿಗೆ ಎರಡು ತೂತು. ಒಂದು, ಜ್ವರದ ಊರು ಬಿಟ್ಟು ಕೆಲವು ವರ್ಷ ಬೇರೆ ಕಡೆ ಇದ್ದರೆ ಬಹುಪಾಲು ಸವೆದುಹೋಗುತ್ತೆ. ಇನ್ನೊಂದು ಚೊಚ್ಚಲ ಬಸಿರು. ಬಸುರಿಯ ಮಾಸಿನಲ್ಲಿ (ಮಗುವಿಗೆ ರಕ್ತ ಒದಗಿಸೋ ಅಂಗ) ಅಂಟಿಕೊಳ್ಳೋಕೆ ಫಾಲ್ಸಿಪಾರಂ ಬೇರೆಯೇ ಒಂದು ವೇಷ ಹಾಕುತ್ತೆ, ಅದನ್ನು ಅವಳ ಮೈ ಹಿಂದೆ ಕಂಡೇ ಇಲ್ಲ. ಒಗ್ಗಿದವಳೂ ಮೊದಲ ಬಸಿರಲ್ಲಿ ಮತ್ತೆ ಮಗುವಿನಷ್ಟೇ ನಿರಾಯುಧಳು. ಇನ್ನು ನಾಗಮಂಗಲದ ಬೆದ್ದಲು ಊರಿಂದ ಪಟ್ಣದ ಗದ್ದೆ ಬಯಲಿಗೆ ಮದುವೆಯಾಗಿ ಬಂದ ಹೆಣ್ಣುಮಗಳ ಸ್ಥಿತಿ ಯೋಚಿಸಿ. ಜ್ವರವೂ ಹೊಸದು, ಬಸಿರೂ ಹೊಸದು. ಡಿ ಮ್ಯೂರನ್ ಸಿಪಾಯಿಗೆ ಗೋರಿ ಕಲ್ಲಾದರೂ ಸಿಕ್ಕಿತು.

ಇದೆಲ್ಲ ಗೊತ್ತಿಲ್ಲದ ಕಾಲದಲ್ಲಿ ಆದದ್ದು ಅಂತ ಪಟ್ಣದ ಮಟ್ಟಿಗೆ ಹೇಳಬಹುದು. ಮಂಡ್ಯದ ಮಟ್ಟಿಗೆ ಹೇಳೋ ಹಾಗಿಲ್ಲ. ನಾಲೆ ಬಂದ ಕಡೆ ಜ್ವರ ಬರುತ್ತೆ ಅನ್ನೋದನ್ನು 1840ರ ದಶಕದಲ್ಲೇ ಉತ್ತರ ಭಾರತದ ಯಮುನಾ ನಾಲೆಗಳ ಊರುಗಳಲ್ಲಿ ಡೆಂಪ್‌ಸ್ಟರ್ ಅನ್ನೋ ಡಾಕ್ಟರ್ ಜನರ ಹೊಟ್ಟೆ ಮುಟ್ಟಿ, ಊದಿದ ಗುಲ್ಮ ಎಣಿಸಿ ತೋರಿಸಿದ್ದ. 1930ರ ದಶಕದ ಆರಂಭದಲ್ಲಿ ಕನ್ನಂಬಾಡಿಯ ನೀರು ಇರ್ವಿನ್ ನಾಲೆಯಲ್ಲಿ (ಈಗಿನ ವಿ.ಸಿ. ನಾಲೆ) ಪಾಂಡವಪುರ ಸೀಮೆ ಹಾದು, ಹುಲಿಕೆರೆ ಸುರಂಗ ದಾಟಿ ಮಂಡ್ಯಕ್ಕೆ ಬಂತು. 1933ರಲ್ಲಿ ಸಕ್ಕರೆ ಕಂಪನಿ, 1939ರಲ್ಲಿ ಹೊಸ ಜಿಲ್ಲೆ. ಈ ಸಂಭ್ರಮದ ಕತೆ ನಮಗೆಲ್ಲ ಬಾಯಿಪಾಠ. ಅದೇ ನೀರಿನ ಜೊತೆ ಮಲೇರಿಯಾ ಬಂದದ್ದು ಯಾರಿಗೂ ನೆನಪಿಲ್ಲ. ಬೆದ್ದಲು ಊರುಗಳಲ್ಲಿ ಒಗ್ಗಿದವರು ಇರಲಿಲ್ಲವಾದ್ದರಿಂದ ಅಜ್ಜನಿಂದ ಮೊಮ್ಮಗನವರೆಗೆ ಎಲ್ಲರೂ ಮಲಗಿದರು. ವಿಶ್ವೇಶ್ವರಯ್ಯನವರ ಫೋಟೋ ಮನೆಯಲ್ಲಿ ಇಟ್ಟುಕೊಂಡವರ ಪೈಕಿಯೇ ನಾನೂ, ಆದರೂ ಇದನ್ನು ಲೆಕ್ಕದಿಂದ ಬಿಡಬಾರದು.

ಮೈಸೂರು ಸರ್ಕಾರ ಕಣ್ಣು ಮುಚ್ಚಿ ಕೂತಿರಲಿಲ್ಲ ಅನ್ನೋದನ್ನೂ ಹೇಳಬೇಕು. ರಾಕ್‌ಫೆಲರ್ ಫೌಂಡೇಶನ್ ಜೊತೆ ಸೇರಿ ಕಾವೇರಿ ಬಯಲಿನ ನಾಗೇನಹಳ್ಳಿ, ಹಿರಿಯೂರು, ಮಲೆನಾಡಿನ ಮೂಡಿಗೆರೆಗಳಲ್ಲಿ ಮಲೇರಿಯಾ ಅಧ್ಯಯನ ನಡೆಸಿತು. ಡಬ್ಲ್ಯು.ಸಿ. ಸ್ವೀಟ್, ಬಿ.ಎ. ರಾವ್ ಇವರುಗಳ ಕೆಲಸ ಜಗತ್ತಿನ ಸೊಳ್ಳೆ ಪಂಡಿತರಿಗೆಲ್ಲ ಗೊತ್ತು. 1937ರಲ್ಲಿ ಇಬ್ಬರೂ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆಯ ಮೊಟ್ಟೆಗಳ ವ್ಯತ್ಯಾಸ ನೋಡಿ ಬೇರೆ ಮಾಡಿದ ತಳಿಯ ಹೆಸರು 'ಮೈಸೊರೆನ್ಸಿಸ್'. ನಮ್ಮೂರ ಹೆಸರು ಸೊಳ್ಳೆಗೂ ಸಿಕ್ಕಿದೆ, ಖುಷಿಪಡಬೇಕೋ ಬೇಡವೋ ಗೊತ್ತಿಲ್ಲ :-)

ಮುಂದಿನದು ನಿಮಗೆ ಗೊತ್ತಿರೋದೇ. 1953ರಿಂದ ರಾಷ್ಟ್ರೀಯ ಕಾರ್ಯಕ್ರಮ, ಮನೆ ಮನೆಗೆ ಡಿಡಿಟಿ, ಗೋಡೆ ಮೇಲೆ ತಾರೀಖು. 1965ರಲ್ಲಿ ದೇಶದಲ್ಲಿ ಒಂದು ಲಕ್ಷಕ್ಕಿಳಿದಿದ್ದ ಪ್ರಕರಣಗಳು 1976ರಲ್ಲಿ 64 ಲಕ್ಷಕ್ಕೇರಿದವು. ಡಿಡಿಟಿಗೆ ಸೊಳ್ಳೆ ಬಗ್ಗದೆ ಹೋದದ್ದು, ಸಿಂಪಡಣೆ ಸಡಿಲಾದದ್ದು ಕಾರಣ. ಜೊತೆಗೆ ಆ ಹತ್ತು ವರ್ಷದಲ್ಲಿ ಒಂದು ತಲೆಮಾರು ಜ್ವರವನ್ನೇ ಕಾಣದೆ ಬೆಳೆದಿತ್ತು.

ಈಗ ಲಸಿಕೆಗಳಿವೆ. ಆರ್‌ಟಿಎಸ್‌,ಎಸ್ ಅನ್ನೋದಕ್ಕೆ 2021ರಲ್ಲಿ, ಪುಣೆಯ ಸೀರಂ ಸಂಸ್ಥೆ ತಯಾರಿಸೋ ಆರ್‌21ಕ್ಕೆ 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು ಸಿಕ್ಕಿತು. ಎರಡೂ ಫಾಲ್ಸಿಪಾರಂ ವಿರುದ್ಧ, ಮುಖ್ಯವಾಗಿ ಆಫ್ರಿಕಾದ ಮಕ್ಕಳಿಗೆ. ರಕ್ತದೊಳಗಿನ ವೇಷಗಳ ತಂಟೆಗೇ ಹೋಗದೆ, ಪಿತ್ತಜನಕಾಂಗ ಸೇರೋ ಮೊದಲೇ ಹಿಡಿಯೋ ಉಪಾಯ ಇವುಗಳದು. ಕೆಲವು ತಿಂಗಳಲ್ಲಿ ಬಲ ಇಳಿಯೋದರಿಂದ ಮೂರು ಡೋಸಿನ ಮೇಲೆ ನಾಲ್ಕನೆಯದೂ ಬೇಕು.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಇವತ್ತು ಮಲೇರಿಯಾಕ್ಕೆ ಒಗ್ಗಿದವರು ಇದ್ದರೆ ತೀರಾ ಹಳಬರು, ಅವರಲ್ಲೂ ಅದು ಸವೆದಿರುತ್ತೆ. ಕರ್ನಾಟಕದಲ್ಲಿ ಇತ್ತೀಚಿನ ದಶಕಗಳಲ್ಲಿ ಮಲೇರಿಯಾ ಹೆಚ್ಚು ಕಾಡಿದ್ದು ಮಂಗಳೂರನ್ನು, ಕಟ್ಟಡ ಕೆಲಸದ ಜಾಗಗಳಲ್ಲಿ ನಿಂತ ನೀರಿನ ಸ್ಟೀಫೆನ್ಸಿ ಸೊಳ್ಳೆಯಿಂದ. ಪಾಂಡವಪುರದ ಹುಡುಗ ಅಂಥ ಕಡೆ ಕೆಲಸಕ್ಕೆ ಹೋದರೆ ಅವನ ರಕ್ತ 1799ರ ಸ್ವಿಸ್ ಸಿಪಾಯಿಯ ರಕ್ತದಷ್ಟೇ ಅಮಾಯಕ. ವಾಪಸ್ ಬಂದ ಮೇಲೆ ಚಳಿ ಜ್ವರ ಬಂದರೆ ಎಲ್ಲಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಹೇಳಿ ರಕ್ತ ಲೇಪನ ಮಾಡಿಸಬೇಕು. ವೈವಾಕ್ಸ್ ಅಂತ ಬಂದರೆ ಡಾಕ್ಟರ್ ಬರೆದುಕೊಟ್ಟ ಪ್ರೈಮಾಕ್ವಿನ್ ಮಾತ್ರೆಯನ್ನು, ಸಾಮಾನ್ಯವಾಗಿ 14 ದಿನ, ಪೂರ್ತಿ ನುಂಗಬೇಕು. ಮೂರನೇ ದಿನಕ್ಕೆ ಜ್ವರ ಬಿಟ್ಟಿತು ಅಂತ ನಿಲ್ಲಿಸಿದರೆ ಪಿತ್ತಜನಕಾಂಗದಲ್ಲಿ ಮಲಗಿರೋ ವೈವಾಕ್ಸ್ ತಿಂಗಳುಗಳ ಮೇಲೆ ಎದ್ದು ಬರುತ್ತೆ, ಅಷ್ಟು ಹೊತ್ತಿಗೆ ಅವನು ನಾಲೆ ಪಕ್ಕದ ಮನೆಯಲ್ಲಿ ಮಲಗಿರ್ತಾನೆ.