ಡನ್‌ಕರ್ಕ್‌ನ ಪುಟ್ಟ ಹಡಗುಗಳು: ದುರಸ್ತಿ ಮತ್ತು ಮರುಯಾನ

ಇಂಗ್ಲೆಂಡಿನಲ್ಲಿ ಮೋಟಾರ್ ಯಾಟ್ ಎಂಬ ವಿಹಾರನೌಕೆ ಮಧ್ಯಮ ವರ್ಗದ ಕೈಗೆಟುಕಿದ್ದು 1920 ಮತ್ತು 30ರ ದಶಕಗಳಲ್ಲಿ. ಅದಕ್ಕೆ ಮೊದಲಿನ ಉಗಿ ಯಾಟ್ ಸಿರಿವಂತರ ಸೊತ್ತಾಗಿತ್ತು. ಬಾಯ್ಲರಿಗೆ ಕಲ್ಲಿದ್ದಲು ಉಣಿಸಲು ಆಳುಗಳು ಬೇಕು, ಯಂತ್ರ ನೋಡಿಕೊಳ್ಳಲು ಇಂಜಿನಿಯರ್ ಬೇಕು. ಪೆಟ್ರೋಲಿನಿಂದ ಚಾಲೂ ಆಗಿ, ಬಿಸಿಯೇರಿದ ಮೇಲೆ ಅಗ್ಗದ ಸೀಮೆಎಣ್ಣೆಯಲ್ಲಿ ಓಡುವ ಇಂಜಿನ್ ಬಂದದ್ದೇ ತಡ, ನಲವತ್ತು ಅಡಿಯ ದೋಣಿಯನ್ನು ಗಂಡ ಹೆಂಡತಿ ಇಬ್ಬರೇ ನಡೆಸಬಹುದಾಯಿತು. ದಕ್ಷಿಣ ಕರಾವಳಿಯಲ್ಲಿ ಕ್ಯಾಂಪರ್ ಅಂಡ್ ನಿಕಲ್ಸನ್ಸ್, ಸ್ಕಾಟ್ಲೆಂಡಿನ ರೋಸ್‌ನೀತ್‌ನಲ್ಲಿ ಜೇಮ್ಸ್ ಸಿಲ್ವರ್ ಮುಂತಾದ ದೋಣಿ ಕಟ್ಟುವ ಕಟ್ಟೆಗಳಲ್ಲಿ ಇಂಥ ದೋಣಿಗಳು ಸಾಲಾಗಿ ತಯಾರಾದವು. ಓಕ್ ಮರದ ಪಕ್ಕೆಲುಬುಗಳ ಮೇಲೆ ಪೈನ್ ಅಥವಾ ಮಹಾಗನಿ ಹಲಗೆ ಹೊದಿಸುತ್ತಿದ್ದರು. ಡೆಕ್ಕಿಗೆ ಬರ್ಮಾದ ತೇಗ. ಅದಕ್ಕೂ ನೂರು ವರ್ಷ ಹಿಂದೆ ಬ್ರಿಟಿಷ್ ನೌಕಾಪಡೆಗೆ ಬೊಂಬಾಯಿಯಲ್ಲಿ ಕಟ್ಟಿದ ಹಡಗುಗಳಿಗೆ ಮಲಬಾರ್ ಮತ್ತು ಕೆನರಾ ಕಾಡುಗಳ ತೇಗ ಹೋಗುತ್ತಿತ್ತು. ಯಾಟ್‌ಗಳ ಕಾಲಕ್ಕೆ ಆ ಜಾಗವನ್ನು ಬರ್ಮಾ ಹಿಡಿದಿತ್ತು.

ಭಾನುವಾರದ ವಿಹಾರಕ್ಕೆಂದು ಹುಟ್ಟಿದ ಈ ದೋಣಿಗಳು ಚರಿತ್ರೆಗೆ ಸೇರಿದ್ದು ಯುದ್ಧದಿಂದ. 1940ರ ಮೇ 14ರಂದು ಬಿಬಿಸಿ ರೇಡಿಯೊ ನೌಕಾ ಇಲಾಖೆಯ ಆದೇಶವೊಂದನ್ನು ಬಿತ್ತರಿಸಿತು: 30ರಿಂದ 100 ಅಡಿ ಉದ್ದದ, ಸ್ವಂತ ಇಂಜಿನ್ ಇರುವ ವಿಹಾರನೌಕೆಗಳ ಮಾಲೀಕರು ಹದಿನಾಲ್ಕು ದಿನದೊಳಗೆ ವಿವರ ಕಳಿಸಬೇಕು. ಆಗಿನ್ನೂ ಫ್ರಾನ್ಸಿನ ಡನ್‌ಕರ್ಕ್ ಬಂದರಿನಿಂದ ಸೇನೆಯನ್ನು ಕಡಲ ದಾರಿಯಲ್ಲಿ ತೆರವುಗೊಳಿಸುವ ಯೋಚನೆ ಯಾರಿಗೂ ಇರಲಿಲ್ಲ. ಎರಡೇ ವಾರದಲ್ಲಿ ಜರ್ಮನ್ ಸೇನೆ ಬ್ರಿಟಿಷ್ ಮತ್ತು ಫ್ರೆಂಚ್ ಪಡೆಗಳನ್ನು ಫ್ರಾನ್ಸಿನ ಕಡಲಂಚಿಗೆ ತಳ್ಳಿತ್ತು. ಥೇಮ್ಸ್ ದಂಡೆಯ ಟೆಡಿಂಗ್ಟನ್‌ನಲ್ಲಿ ದೋಣಿಕಟ್ಟೆ ನಡೆಸುತ್ತಿದ್ದ ಡಗ್ಲಸ್ ಟಫ್ ನದಿಯುದ್ದಕ್ಕೂ ಲಂಗರು ಹಾಕಿದ್ದ ನೂರಕ್ಕೂ ಹೆಚ್ಚು ದೋಣಿಗಳನ್ನು ಒಟ್ಟುಗೂಡಿಸಿದರು. ಅವು ಶೀರ್‌ನೆಸ್ ಮತ್ತು ರಾಮ್ಸ್‌ಗೇಟ್ ಬಂದರುಗಳ ಮೂಲಕ ಇಂಗ್ಲಿಷ್ ಕಾಲುವೆ ದಾಟಿದವು. ಬಹುಪಾಲು ದೋಣಿಗಳನ್ನು ನಡೆಸಿದ್ದು ನೌಕಾಪಡೆಯ ಸಿಬ್ಬಂದಿ. ಮಾಲೀಕರೇ ಚುಕ್ಕಾಣಿ ಹಿಡಿದದ್ದು ಕೆಲವೇ ಕಡೆ.

ಆ ಕೆಲವರಲ್ಲಿ ಚಾರ್ಲ್ಸ್ ಲೈಟೊಲರ್ ಒಬ್ಬರು. ಟೈಟಾನಿಕ್ ಹಡಗಿನ ಎರಡನೇ ಅಧಿಕಾರಿಯಾಗಿದ್ದು, ಅದರ ದುರಂತದಲ್ಲಿ ಬದುಕುಳಿದ ಅಧಿಕಾರಿಗಳಲ್ಲೇ ಹಿರಿಯರಾದ ಇವರಿಗೆ ಆಗ 66 ವರ್ಷ. 1912ರಲ್ಲಿ ನೌಕಾಪಡೆಗಾಗಿ ಕಟ್ಟಿದ್ದ 58 ಅಡಿಯ ಉಗಿದೋಣಿಯೊಂದನ್ನು 1929ರಲ್ಲಿ ಕೊಂಡು, ಮೋಟಾರ್ ಯಾಟ್ ಆಗಿ ಮಾರ್ಪಡಿಸಿ, ಸನ್‌ಡೌನರ್ ಎಂದು ಹೆಸರಿಟ್ಟಿದ್ದರು. ದೋಣಿಯನ್ನು ರಾಮ್ಸ್‌ಗೇಟ್‌ಗೆ ತಂದೊಪ್ಪಿಸಿ ಎಂದು ನೌಕಾ ಇಲಾಖೆ ಕೇಳಿದಾಗ, ಹೋಗುವುದಾದರೆ ತಾನೇ ನಡೆಸಿಕೊಂಡು ಹೋಗುತ್ತೇನೆಂದು ಪಟ್ಟು ಹಿಡಿದರು. ಜೂನ್ 1ರಂದು ಮಗ ರೋಜರ್ ಮತ್ತು ಒಬ್ಬ ಸೀ ಸ್ಕೌಟ್ ಹುಡುಗನೊಡನೆ ಹೊರಟರು. ಶತ್ರುವಿಮಾನ ಎರಗಿದಾಗ ಕೊನೆಯ ಗಳಿಗೆವರೆಗೆ ನೇರ ಸಾಗಿ ತಟಕ್ಕನೆ ಚುಕ್ಕಾಣಿ ತಿರುಗಿಸುವ ಉಪಾಯದಿಂದ ದೋಣಿ ಉಳಿಯಿತು. ಅದುವರೆಗೆ ಇಪ್ಪತ್ತೊಂದಕ್ಕಿಂತ ಹೆಚ್ಚು ಜನ ಹತ್ತದಿದ್ದ ಸನ್‌ಡೌನರ್ ಅಂದು ಸುಮಾರು 130 ಮಂದಿಯನ್ನು ಹೊತ್ತು ಮರಳಿತು.

ಇಂಥ ಕಥೆಗಳಿಂದಾಗಿ ಇಡೀ ಸೇನೆಯನ್ನು ಪುಟ್ಟ ದೋಣಿಗಳೇ ಪಾರುಮಾಡಿದವೆಂಬ ಭಾವನೆ ಬೆಳೆದಿದೆ. ಲೆಕ್ಕ ಹಾಗೆ ಹೇಳುವುದಿಲ್ಲ. ಮೇ 26ರಿಂದ ಜೂನ್ 4ರವರೆಗೆ ದಾಟಿಬಂದ 3,38,226 ಜನರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚಿನವರು ಬಂದರಿನ ಅಲೆತಡೆಗೋಡೆಯಿಂದ ನೇರವಾಗಿ ದೊಡ್ಡ ಹಡಗು ಹತ್ತಿದವರು. ಮರಳದಂಡೆಯಿಂದ ಬಂದವರು 98,000ಕ್ಕೂ ಮೇಲ್ಪಟ್ಟು. ದಂಡೆಯ ಬಳಿ ನೀರು ಆಳವಿಲ್ಲದ ಕಾರಣ ಯುದ್ಧನೌಕೆಗಳು ದೂರ ನಿಲ್ಲಬೇಕಾಗಿತ್ತು. ಕುತ್ತಿಗೆಮಟ್ಟ ನೀರಿನಲ್ಲಿ ನಿಂತವರನ್ನು ಅಲ್ಲಿಗೆ ಸಾಗಿಸುವುದೇ ಯಾಟ್‌ಗಳ ನಿಜವಾದ ಕೆಲಸ. ಡನ್‌ಕರ್ಕ್ ತೊರೆದವರಲ್ಲಿ ಭಾರತೀಯ ಸೇನೆಯ ಹೇಸರಗತ್ತೆ ದಳಗಳವರೂ ಇದ್ದರೆಂಬುದು ನಮ್ಮಲ್ಲಿ ಹೆಚ್ಚು ಜನಕ್ಕೆ ತಿಳಿದಿಲ್ಲ.

ಯುದ್ಧ ಮುಗಿದ ಮೇಲೆ ದೋಣಿಗಳ ಪಾಡು ಕೆಟ್ಟಿತು. 1950ರ ದಶಕದ ನಂತರ ಫೈಬರ್‌ಗ್ಲಾಸ್ ಬಂತು: ವರ್ಷವರ್ಷ ಬಣ್ಣ ಬೇಡ, ಸಂದು ತುಂಬುವುದು ಬೇಡ. ಮರದ ಯಾಟ್ ಹೊರೆಯೆನಿಸಿತು. ಎಷ್ಟೋ ದೋಣಿಗಳ ಇಂಜಿನ್ ಕಿತ್ತು, ನದಿಯ ಕೆಸರಿನಲ್ಲಿ ತೇಲುಮನೆಗಳಾಗಿ ನಿಲ್ಲಿಸಿದರು. ಮಳೆನೀರು ಡೆಕ್ಕಿನ ಮೂಲಕ ಸೋರಿ ಒಳಗಿನ ತೊಲೆಗಳನ್ನು ಕೊಳೆಸಿತು. ಮರದ ಹಡಗಿಗೆ ಕಡಲ ಉಪ್ಪುನೀರಿಗಿಂತ ಮಳೆಯ ಸಿಹಿನೀರೇ ದೊಡ್ಡ ಶತ್ರು.

1965ರಲ್ಲಿ ಬಿಬಿಸಿಯ ನಿರೂಪಕ ರೇಮಂಡ್ ಬ್ಯಾಕ್ಸ್‌ಟರ್, ತಾವು ಕೊಂಡಿದ್ದ ಲೊರಾಜ್ ಎಂಬ ದೋಣಿ ಡನ್‌ಕರ್ಕ್‌ಗೆ ಹೋಗಿಬಂದದ್ದೆಂದು ತಿಳಿದು, ಅಂಥವನ್ನೆಲ್ಲ ಹುಡುಕಿಸಿ ಇಪ್ಪತ್ತೈದನೇ ವರ್ಷದ ನೆನಪಿಗೆ ಕಾಲುವೆ ದಾಟಿಸಿದರು. ಮರುವರ್ಷ ಡನ್‌ಕರ್ಕ್ ಪುಟ್ಟ ಹಡಗುಗಳ ಸಂಘ ಹುಟ್ಟಿತು. ಐದು ವರ್ಷಕ್ಕೊಮ್ಮೆ ರಾಮ್ಸ್‌ಗೇಟ್‌ನಿಂದ ಡನ್‌ಕರ್ಕ್‌ಗೆ ಹೋಗಿಬರುವ ಪದ್ಧತಿ ಅಲ್ಲಿಂದ ನಡೆದುಬಂದಿದೆ. ಸದಸ್ಯ ದೋಣಿಗಳು ಮೂತಿಯಲ್ಲಿ ಸೇಂಟ್ ಜಾರ್ಜ್ ಶಿಲುಬೆಯ ಮೇಲೆ ಡನ್‌ಕರ್ಕ್ ಪಟ್ಟಣದ ಲಾಂಛನವಿರುವ ಬಾವುಟ ಹಾರಿಸುತ್ತವೆ. ದೋಣಿ 1940ರ ಆ ದಿನಗಳಲ್ಲಿ ಭಾಗವಹಿಸಿದ್ದಕ್ಕೆ ಆಧಾರವಿದ್ದರೆ ಮಾತ್ರ ಸದಸ್ಯತ್ವ. ಹಳೆಯ ಯಾಟ್‌ಗಳು ಗುಜರಿಗೆ ಹೋಗದೆ ಉಳಿದದ್ದರಲ್ಲಿ ಅಂದಚಂದಕ್ಕಿಂತ ಈ ನಿಯಮದ ಪಾಲೇ ದೊಡ್ಡದು. ಪಟ್ಟಿಯಲ್ಲಿರುವ ದೋಣಿಗೆ ಹಣ ಸುರಿಯುವವರು ಸಿಗುತ್ತಾರೆ. ಅದೇ ಕಟ್ಟೆಯಲ್ಲಿ ಅದೇ ವರ್ಷ ಹುಟ್ಟಿದ, ಆದರೆ ಡನ್‌ಕರ್ಕ್‌ಗೆ ಹೋಗದ ದೋಣಿಯನ್ನು ಕೇಳುವವರಿಲ್ಲ.

ಜೀರ್ಣೋದ್ಧಾರ ಬಿಚ್ಚುವುದರಿಂದ ಮೊದಲಾಗುತ್ತದೆ. ಹಲಗೆಗಳನ್ನು ಹಿಡಿದ ಕಬ್ಬಿಣದ ಮೊಳೆ ತುಕ್ಕು ಹಿಡಿದಿದ್ದರೆ ಸುತ್ತಲಿನ ಮರವೂ ಸತ್ತಿರುತ್ತದೆ. ಅಡಿತೊಲೆಯ ಬೋಲ್ಟುಗಳನ್ನು ಹೊರತೆಗೆದು ನೋಡಬೇಕು. ಮುರಿದ ಪಕ್ಕೆಲುಬಿಗೆ ಬದಲಾಗಿ ಓಕ್ ಪಟ್ಟಿಯನ್ನು ಆವಿಪೆಟ್ಟಿಗೆಯಲ್ಲಿಡುತ್ತಾರೆ. ಒಂದಂಗುಲ ದಪ್ಪಕ್ಕೆ ಒಂದು ಗಂಟೆ ಎಂಬುದು ಬಡಗಿಗಳ ಅಂದಾಜು. ಹೊರತೆಗೆದ ಒಂದೆರಡು ನಿಮಿಷದಲ್ಲೇ ಅದನ್ನು ಬಾಗಿಸಿ ಕೂರಿಸದಿದ್ದರೆ ಮರ ಮತ್ತೆ ಬಿಗಿದುಕೊಳ್ಳುತ್ತದೆ. ಬಳಿಕ ಹಲಗೆಗಳ ಸಂದಿಗೆ ಹತ್ತಿಯ ಎಳೆ ತುರುಕಿ ಮೇಲೆ ಲಪ್ಪ ಬಳಿಯುತ್ತಾರೆ.

ಇಷ್ಟಾದರೂ ಕೆಲಸ ಮುಗಿದಿಲ್ಲ. ವರ್ಷಗಟ್ಟಲೆ ಚಪ್ಪರದಡಿ ಒಣಗಿದ ದೋಣಿ ನೀರಿಗಿಳಿದೊಡನೆ ಸೋರುತ್ತದೆ. ಮರ ನೀರುಂಡು ಉಬ್ಬಿ ಸಂದುಗಳು ಮುಚ್ಚುವ ತನಕ ಅದನ್ನು ಕ್ರೇನಿನ ಪಟ್ಟಿಗಳಲ್ಲಿ ತೂಗಿಟ್ಟು, ಪಂಪು ಓಡಿಸುತ್ತ ಕಾಯುವುದೇ ಉಪಾಯ. ನೆಲದ ಮೇಲೆ ಆಧಾರಕ್ಕೆ ಕುಳಿತಿದ್ದ ಒಡಲು ತೇಲುವಾಗ ತುಸು ಆಕಾರ ಬದಲಿಸುವುದರಿಂದ ಇಂಜಿನ್ನಿಗೂ ಪ್ರೊಪೆಲರ್ ದಂಡಕ್ಕೂ ಇರುವ ನೇರವನ್ನು ನೀರಿನಲ್ಲೇ ಮತ್ತೆ ಸರಿಪಡಿಸಬೇಕು. ಹೊಸ ಇಂಜಿನ್ನಿನ ಕಬ್ಬಿಣ ದಿಕ್ಸೂಚಿಯನ್ನು ತಪ್ಪಿಸುತ್ತದೆ. ಎಷ್ಟು ಡಿಗ್ರಿ ತಪ್ಪುತ್ತದೆಂಬ ಪಟ್ಟಿ ಮಾಡಿ ಚುಕ್ಕಾಣಿಯ ಬಳಿ ಅಂಟಿಸುತ್ತಾರೆ.

ಕಟ್ಟೆಯಿಂದ ಸ್ವಂತ ಬಂದರಿಗೆ ಹೊರಡುವ ಮೊದಲ ಯಾನ ಆದ್ದರಿಂದ ಮೆರವಣಿಗೆಯಲ್ಲ, ದುರಸ್ತಿಯ ಕೊನೆಯ ಹಂತ. ಕಟ್ಟೆಯಲ್ಲಿ ತಾಸುಗಟ್ಟಲೆ ಸುಗಮವಾಗಿ ಓಡಿದ ಇಂಜಿನ್ ಕಡಲಿನಲ್ಲಿ ನಿಲ್ಲುವುದುಂಟು. ಹಳೆಯ ಇಂಧನ ಟ್ಯಾಂಕಿನ ತಳದಲ್ಲಿ ಕುಳಿತ ಗಸಿ ಅಲೆಗಳ ಕುಲುಕಾಟಕ್ಕೆ ಎದ್ದು ಫಿಲ್ಟರ್ ಕಟ್ಟಿಬಿಡುತ್ತದೆ. ಹೀಗಾಗಿ ಅನುಭವಿಗಳು ಹಗಲಿನಲ್ಲೇ, ಬಂದರಿನಿಂದ ಬಂದರಿಗೆ, ಸಣ್ಣ ಸಣ್ಣ ಹಂತಗಳಲ್ಲಿ ಸಾಗುತ್ತಾರೆ. ಪ್ರತಿ ಗಂಟೆಗೂ ನೆಲಹಲಗೆ ಎತ್ತಿ ನೀರಿನ ಮಟ್ಟ ನೋಡುವುದು ತಪ್ಪದು. ನಲವತ್ತು ಅಡಿಯ ಯಾಟ್ ಗಂಟೆಗೆ ಏಳೆಂಟು ನಾಟಿಕಲ್ ಮೈಲಿ ಹೋದರೆ ಹೆಚ್ಚು. ಡೋವರ್ ಜಲಸಂಧಿಯಲ್ಲಿ ಉಬ್ಬರ ಇಳಿತದ ಸೆಳೆತ ಅದರ ಅರ್ಧದಷ್ಟಿರಬಹುದು. ಥೇಮ್ಸ್ ಮುಖದ ಮರಳುದಿಬ್ಬಗಳನ್ನು ಸೆಳೆತದ ಜೊತೆಗೆ ದಾಟುವಂತೆ ಹೊರಡುವ ಹೊತ್ತು ಗೊತ್ತುಮಾಡಬೇಕು; ತಪ್ಪಿದರೆ ದಿನವೇ ಹಾಳು.

ಡನ್‌ಕರ್ಕ್‌ಗೆ ಹೋಗುವ ಯಾನದಲ್ಲಿ ಇನ್ನೊಂದು ತೊಡಕಿದೆ. 1967ರಿಂದ ಜಲಸಂಧಿಯಲ್ಲಿ ದೊಡ್ಡ ಹಡಗುಗಳಿಗೆ ಹೋಗುವ, ಬರುವ ಪ್ರತ್ಯೇಕ ಹಾದಿಗಳನ್ನು ಗುರುತಿಸಲಾಗಿದ್ದು, ಅಡ್ಡ ದಾಟುವವರು ಲಂಬಕೋನದಲ್ಲೇ ದಾಟಬೇಕು. ಪುಟ್ಟ ಹಡಗುಗಳ ಸಾಲು ನೌಕಾಪಡೆ ಮತ್ತು ರಕ್ಷಣಾ ದೋಣಿಗಳ ಕಾವಲಿನಲ್ಲಿ ಸಾಗುತ್ತದೆ. 2025ರ ಮೇನಲ್ಲಿ ನಡೆದ ಎಂಬತ್ತೈದನೇ ವರ್ಷದ ಯಾನವೂ ಹೀಗೆಯೇ ರಾಮ್ಸ್‌ಗೇಟ್‌ನಿಂದ ಹೊರಟಿತು. ಮರಳಿದ ಮೇಲೆ ದೋಣಿಗಳು ತಂತಮ್ಮ ನೆಲೆಗೆ ಚದುರುತ್ತವೆ. ಚಳಿಗಾಲಕ್ಕೆ ದಡಕ್ಕೆತ್ತಿ, ಯಾನದಲ್ಲಿ ಸೋರಿದ ಸಂದುಗಳನ್ನು ಗುರುತುಹಾಕಿ, ಹತ್ತಿ ಕಿತ್ತು ಹೊಸದಾಗಿ ತುಂಬುತ್ತಾರೆ.