ಮೂರನೆಯ ಆಸರೆ

ಕಲ್ಲು ಎಷ್ಟು ಭಾರ ಹೇರಿದರೂ ತಾಳಿಕೊಳ್ಳುತ್ತದೆ. ಆದರೆ ಎಳೆತಕ್ಕೆ ಬೇಗ ಸೋಲುತ್ತದೆ. ‘ಸ್ಟ್ರೆಂತ್ ಆಫ್ ಮೆಟೀರಿಯಲ್ಸ್’ ಪರೀಕ್ಷೆಗೆ ಓದುವ ಪ್ರತಿ ಎಂಜಿನಿಯರಿಂಗ್ ವಿದ್ಯಾರ್ಥಿಯೂ ಇದನ್ನು ಮೊದಲು ಕಲಿಯುತ್ತಾನೆ. 1957ರಲ್ಲಿ ಮಣಿಪಾಲದಲ್ಲಿ ಎಂಜಿನಿಯರಿಂಗ್ ಕಾಲೇಜು ಆರಂಭವಾಗುವುದಕ್ಕೆ ಐದು ಶತಮಾನಗಳ ಹಿಂದೆಯೇ, ಸಮೀಪದ ಕಾರ್ಕಳದಲ್ಲಿ ಈ ಪಾಠದ ಕಠಿಣ ಪರೀಕ್ಷೆಯೊಂದು ನಡೆದಿತ್ತು.

1432ರಲ್ಲಿ ವೀರಪಾಂಡ್ಯ ಭೈರರಸ ಅಲ್ಲಿನ ಬೆಟ್ಟದ ಮೇಲೆ ಬಾಹುಬಲಿಯ ಏಕಶಿಲಾ ಮೂರ್ತಿಯನ್ನು ಪ್ರತಿಷ್ಠಾಪಿಸಿದ. ಎತ್ತರ ಸುಮಾರು 42 ಅಡಿ, ತೂಕ ಸುಮಾರು 80 ಟನ್ ಎಂಬ ಅಂದಾಜಿದೆ. ಶ್ರವಣಬೆಳಗೊಳದಲ್ಲಿ ಬೆಟ್ಟದ ಬಂಡೆಯೇ ಗೊಮ್ಮಟನಾಯಿತು. ಕಾರ್ಕಳದ ಮೂರ್ತಿಯನ್ನಾದರೋ ಬೇರೆಡೆಯಿಂದ ಬಂಡಿಗಳ ಮೇಲೆ ಎಳೆದು ತಂದು ನಿಲ್ಲಿಸಿದರೆಂಬುದು ಐತಿಹ್ಯ.

ಆಸರೆ ಹೆಚ್ಚಿದಷ್ಟೂ ಕಲ್ಲು ಕ್ಷೇಮ ಎಂದು ನಮಗೆ ತೋರಬಹುದು. ಇದು ತಪ್ಪೆಂದು ಬರೆದಿಟ್ಟವನು ಇಟಲಿಯ ಗೆಲಿಲಿಯೋ. ಅವನ 1638ರ ಗ್ರಂಥದಲ್ಲಿ ಒಂದು ಪ್ರಸಂಗವಿದೆ. ಅಮೃತಶಿಲೆಯ ದೊಡ್ಡ ಕಂಬವೊಂದನ್ನು ಎರಡು ತುದಿಗಳಲ್ಲಿ ದಿಮ್ಮಿಯಿಟ್ಟು ಮಲಗಿಸಿದ್ದರು. ನಡುವೆ ಮುರಿದೀತೆಂದು ಒಬ್ಬ ಕುಶಲಕರ್ಮಿ ಮೂರನೆಯ ದಿಮ್ಮಿ ಕೊಡಿಸಿದ. ಕೆಲವು ತಿಂಗಳಲ್ಲಿ ಕಂಬ ಸರಿಯಾಗಿ ಆ ನಡುವಿನ ದಿಮ್ಮಿಯ ಮೇಲೆಯೇ ಮುರಿಯಿತು! ತುದಿಯ ದಿಮ್ಮಿಯೊಂದು ಕೊಳೆತು ಕುಸಿದಿತ್ತು. ಅರ್ಧ ಕಂಬ ಗಾಳಿಯಲ್ಲಿ ಚಾಚಿಕೊಂಡಿತ್ತು.

ಇಂದಿನ ಲೆಕ್ಕ ಇದನ್ನು ಸ್ಪಷ್ಟಪಡಿಸುತ್ತದೆ. ಮೂರೂ ಆಸರೆ ಒಂದೇ ಮಟ್ಟದಲ್ಲಿದ್ದರೆ ಕಂಬವನ್ನು ಬಾಗಿಸುವ ಪರಿಣಾಮ, ಎರಡೇ ಆಸರೆ ಇದ್ದಾಗಿನ ಕಾಲುಭಾಗಕ್ಕೆ ಇಳಿಯುತ್ತದೆ. ತುದಿಯದೊಂದು ಪೂರ್ತಿ ಕುಸಿದರೆ ಅದು ನಾಲ್ಕು ಪಟ್ಟು ಏರಿ ಮೊದಲಿನಷ್ಟೇ ಆಗುತ್ತದೆ. ಎಳೆತ ಮಾತ್ರ ಕಂಬದ ತಳದಿಂದ ನೆತ್ತಿಗೆ ಬರುತ್ತದೆ. ಏರುತಗ್ಗಿನ ಹಾದಿಯಲ್ಲಿ ಸಾಲು ಬಂಡಿಗಳ ಮೇಲೆ ಸಾಗುವ ಶಿಲೆಗೆ ಹೆಜ್ಜೆಹೆಜ್ಜೆಗೂ ಇದೇ ಗಂಡಾಂತರ. ಸೂತ್ರವಿಲ್ಲದ ಆ ಕಾಲದಲ್ಲಿ ಶಿಲ್ಪಿಗಳಿಗೆ ನೆರವಾದದ್ದು ಅನುಭವವೊಂದೇ. 1586ರಲ್ಲಿ ಕಾರ್ಕಳದಲ್ಲೇ ಕಲ್ಲಿನ ಕಂಬಗಳ ಚತುರ್ಮುಖ ಬಸದಿ ಎದ್ದಾಗಲೂ ಗೆಲಿಲಿಯೋನ ಗ್ರಂಥಕ್ಕೆ ಇನ್ನೂ 52 ವರ್ಷವಿತ್ತು.

ಗೆಲಿಲಿಯೋ ಕೂಡ ತೊಲೆಯ ಲೆಕ್ಕದಲ್ಲಿ ಎಡವಿದ್ದ. ಫ್ರಾನ್ಸಿನ ನೇವಿಯರ್ 1826ರಲ್ಲಿ ಅದನ್ನು ಇಂದಿನ ರೂಪಕ್ಕೆ ತಂದ. 1901ರಲ್ಲಿ ಕಾಪುವಿನ ಕಡಲಬಂಡೆಯ ಮೇಲೆ ದೀಪಸ್ತಂಭ ನಿಲ್ಲುವ ವೇಳೆಗೆ ಗಾಳಿಯ ಹೊಡೆತವನ್ನೂ ಕಾಗದದ ಮೇಲೆ ಅಳೆಯಬಹುದಾಗಿತ್ತು.

ಲೆಕ್ಕ ಕೈಗೆ ಬಂದ ಮೇಲೆ, ಅದನ್ನು ಬಲ್ಲವರು ಯಾರೆಂದು ತಿಳಿಯಬೇಕಾಯಿತು. ಅಮೆರಿಕದ ವಯೋಮಿಂಗ್ ರಾಜ್ಯ 1907ರಲ್ಲಿ ಎಂಜಿನಿಯರರಿಗೆ ಪರವಾನಗಿ ಕಡ್ಡಾಯ ಮಾಡಿತು. ಇತರ ರಾಜ್ಯಗಳೂ ಅನುಸರಿಸಿದವು. ಅಲ್ಲಿನ ಪರವಾನಗಿ ಪರೀಕ್ಷೆಯಲ್ಲೂ ನಮ್ಮ ‘ಗೇಟ್’ ಪರೀಕ್ಷೆಯಲ್ಲೂ ತೊಲೆಯ ಪ್ರಶ್ನೆ ತಪ್ಪಿದ್ದಲ್ಲ. ವಿದ್ಯಾರ್ಥಿ ಅಲ್ಲಿ ತಪ್ಪಿದರೆ ಕಳೆದುಕೊಳ್ಳುವುದು ಅಂಕ. ಪರೀಕ್ಷೆಗೆ ಮತ್ತೆ ಕೂರಬಹುದು. ಕಾರ್ಕಳದ ಶಿಲ್ಪಿಗಳಿಗೆ ಇದ್ದದ್ದು ಒಂದೇ ಕಲ್ಲು.